ನೋಡಿ ಬರೆದೆ, ಕೇಳಲು ಮರೆತೆ

ಬಿ.ಇಡಿ ಓದುವವರಿಗೆ ಕೊಡುವ ಕೆಲಸಗಳಲ್ಲಿ ಅತಿ ಸುಲಭವಾದದ್ದು ಯಾವುದು ಎಂದು ಕೇಳಿದ್ದರೆ ನಮ್ಮ ಬ್ಯಾಚಿನವರೆಲ್ಲ ಒಂದೇ ದನಿಯಲ್ಲಿ ‘ಅಬ್ಸರ್ವೇಶನ್’ ಎನ್ನುತ್ತಿದ್ದರು. ಪಾಠಯೋಜನೆ ಬರೆಯಬೇಕಿಲ್ಲ, ಚಾರ್ಟ್ ಅಂಟಿಸಬೇಕಿಲ್ಲ, ಮಕ್ಕಳ ಮುಂದೆ ನಿಂತು ಬೆವರಬೇಕಿಲ್ಲ. ಒಂದು ಶಾಲೆಗೆ ಹೋಗಿ, ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ಅಲ್ಲಿನ ಶಿಕ್ಷಕರು ಪಾಠ ಮಾಡುವುದನ್ನು ನೋಡಿ ಬರೆದುಕೊಂಡು ಬಂದರಾಯಿತು. ಹತ್ತು ತರಗತಿ, ಹತ್ತು ಪುಟ, ಹತ್ತು ಅಂಕ.

ಇಷ್ಟು ಸುಲಭದ ಕೆಲಸದಲ್ಲಿ ನಾನು ಮೂರು ಸಲ ಎಡವಿದೆ. ಮೊದಲ ಎರಡನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೂರನೆಯದಕ್ಕೆ ಬರುವುದಿಲ್ಲ. ಶಿಕ್ಷಕರಾಗಬೇಕೆಂದು ಓದುತ್ತಿರುವ, ಟಿಇಟಿಗೆ ಕೂತು ನೇಮಕಾತಿಗೆ ಕಾಯುತ್ತಿರುವ ನನ್ನಂಥ ಅನೇಕರು ಈ ಪುಟ ಓದುತ್ತಾರೆ ಎಂಬ ಕಾರಣಕ್ಕೆ ಮೂರನ್ನೂ ಹೇಳುತ್ತಿದ್ದೇನೆ.

ಮೊದಲನೆಯದು ಕಾಪಿ ಹೊಡೆದದ್ದು. ಅಬ್ಸರ್ವೇಶನ್‌ಗೆ ಯಾರೂ ಶಾಲೆಗೆ ಹೋಗುವುದಿಲ್ಲ, ಸೀನಿಯರ್‌ಗಳ ರೆಕಾರ್ಡ್ ಇಸಿದುಕೊಂಡು ಬರೆಯುತ್ತಾರೆ ಎಂಬುದು ನಮ್ಮಲ್ಲಿ ಗುಟ್ಟೇನೂ ಆಗಿರಲಿಲ್ಲ. ಹಾಸ್ಟೆಲ್‌ನ ಅಕ್ಕ ಒಬ್ಬರು ತಮ್ಮ ರೆಕಾರ್ಡ್ ಕೊಟ್ಟರು. ಅವರಿಗೂ ಅದು ಇನ್ನೊಬ್ಬ ಅಕ್ಕನಿಂದ ಬಂದದ್ದು. ರಾತ್ರಿ ಕೂತು ಚಂದದ ಅಕ್ಷರದಲ್ಲಿ ಎರಡು ತರಗತಿ ಇಳಿಸಿದೆ. ಶಾಲೆಯ ಹೆಸರು ಬದಲಿಸಿದೆ, ಶಿಕ್ಷಕರ ಹೆಸರು ಬದಲಿಸಿದೆ. ದಿನಾಂಕ ಹಾಗೇ ಇರಲಿ ಎಂದು ಇಸವಿಯನ್ನಷ್ಟೇ 2023 ಇದ್ದದ್ದನ್ನು 2024 ಮಾಡಿದೆ. ಮುಂದುವರಿಸುವ ಮೊದಲು ಸರಿ ಇದೆಯೇ ತೋರಿಸೋಣ ಎಂದು ನಮ್ಮ ಉಪನ್ಯಾಸಕರ ಮುಂದಿಟ್ಟೆ.

ಅವರು ಪುಟ ನೋಡಿದರು, ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದರು. ‘ಡಿಸೆಂಬರ್ ಎಂಟು. ಮೇಷ್ಟ್ರು ಭಾನುವಾರವೂ ಪಾಠ ಮಾಡ್ತಾರಲ್ಲಮ್ಮಾ! ಇವರ ಹೆಸರು ಪ್ರಶಸ್ತಿಗೆ ಕಳಿಸೋಣ್ವಾ?’ ಎಂದರು.

ಇಡೀ ಕೋಣೆ ನಕ್ಕಿತು. 2023ರ ಡಿಸೆಂಬರ್ 8 ಶುಕ್ರವಾರ. ಸಾಮಾನ್ಯವಾಗಿ ಮುಂದಿನ ವರ್ಷಕ್ಕೆ ಒಂದು ವಾರ ಮುಂದೆ ಹೋಗಿ ಶನಿವಾರ ಆಗಬೇಕಿತ್ತು. ನಡುವೆ ಫೆಬ್ರುವರಿ 29 ಬಂದು ಇನ್ನೊಂದು ದಿನ ಜಾರಿಸಿ ಭಾನುವಾರಕ್ಕೆ ತಂದು ನಿಲ್ಲಿಸಿತ್ತು. ಗಣಿತ ವಿಷಯದ ವಿದ್ಯಾರ್ಥಿನಿಯಾಗಿ ನನಗೆ ಅಧಿಕ ವರ್ಷ ಹೊಳೆಯದೇ ಹೋದದ್ದೇ ಹೆಚ್ಚಿನ ಅವಮಾನ. ಸರ್ ಬೈಯಲಿಲ್ಲ. ‘ಮನೆ ಹತ್ತಿರದ ಯಾವುದಾದ್ರೂ ಸರ್ಕಾರಿ ಶಾಲೆ ಆರಿಸಿಕೋ. ಸಂಕ್ರಾಂತಿ ಕಳೆದ ಮೇಲೆ ಹೋಗು. ನಿಜವಾಗಿ ಹೋಗು’ ಎಂದರು.

ನನ್ನೂರು ಶಿರಾ. ಹುಟ್ಟಿ ಬೆಳೆದದ್ದೆಲ್ಲ ಪೇಟೆಯಲ್ಲೇ. ತಾಲ್ಲೂಕಿನ ಹಳ್ಳಿಗಳ ಹೆಸರು ಗೊತ್ತು, ದಾರಿ ಗೊತ್ತಿಲ್ಲ. ಪರಿಚಯದವರೊಬ್ಬರು ಒಂದು ಗೊಲ್ಲರಹಟ್ಟಿಯ ಹಿರಿಯ ಪ್ರಾಥಮಿಕ ಶಾಲೆಯ ಹೆಸರು ಹೇಳಿದರು. ಕಾಲೇಜಿನಿಂದ ಅನುಮತಿ ಪತ್ರ ಪಡೆದು ಒಂದು ಬೆಳಿಗ್ಗೆ ಹೊರಟೆ.

ಎರಡನೇ ಎಡವು ಬಸ್ ಸ್ಟ್ಯಾಂಡಿನಲ್ಲೇ ಶುರುವಾಯಿತು. ನಮ್ಮ ಕಡೆ ಹಳ್ಳಿಗಳಿಗೆ ಖಾಸಗಿ ಬಸ್ಸುಗಳೇ ಹೆಚ್ಚು. ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ಹಿಡಿದು ಸರ್ಕಾರಿ ಬಸ್ಸಿಗೇ ಕಾಯುವುದು ನನಗೂ ಅಭ್ಯಾಸವಾಗಿತ್ತು. ಎರಡು ಖಾಸಗಿ ಬಸ್ಸು ಬಿಟ್ಟೆ. ಮೂರನೆಯದಾಗಿ ಬಂದ ಕೆಂಪು ಬಸ್ಸು ತುಂಬಿ ತುಳುಕುತ್ತಿತ್ತು. ಒಳಗೆ ನಿಂತವಳಿಗೆ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಕಂಡಕ್ಟರ್ ‘ಹಟ್ಟಿ, ಹಟ್ಟಿ ಯಾರ್ರೀ ಇಳಿಯೋರು, ಬೇಗ ಬನ್ನಿ’ ಎಂದು ಕೂಗಿದಾಗ ಚೀಲ ಎಳೆದುಕೊಂಡು ಇಳಿದುಬಿಟ್ಟೆ. ನಮ್ಮ ಸೀಮೆಯಲ್ಲಿ ಗೊಲ್ಲರಹಟ್ಟಿ ಎಂದರೆ ಒಂದಲ್ಲ, ಊರಿಗೊಂದು ಇರುತ್ತದೆ ಎಂಬುದು ಆಗ ನೆನಪಾಗಲಿಲ್ಲ.

ಇಳಿದಲ್ಲಿ ಶಾಲೆಯಂತೂ ಇತ್ತು. ಬಾಗಿಲಲ್ಲಿ ನಿಂತು, ಕೈಯಲ್ಲಿ ಫೈಲು ಹಿಡಿದು, ‘ಸರ್, ಅಬ್ಸರ್ವೇಶನ್‌ಗೆ ಬಂದಿದ್ದೀನಿ’ ಎಂದೆ. ಮಕ್ಕಳು ಎದ್ದು ನಿಂತು ರಾಗವಾಗಿ ‘ನಮಸ್ತೇ ಮಿಸ್’ ಎಂದವು. ಮೇಷ್ಟ್ರು ತಮ್ಮ ಕುರ್ಚಿಯನ್ನೇ ತಂದು ಹಾಕಿದರು. ಆಮೇಲೆ ನಡೆದದ್ದು ನಾನು ಕಂಡ ಅತ್ಯುತ್ತಮ ವಿಜ್ಞಾನ ಪಾಠ. ಬೀರುವಿನಿಂದ ಚಾರ್ಟುಗಳು ಹೊರಬಂದವು, ಗಾಜಿನ ಲೋಟ, ಮೇಣದಬತ್ತಿ, ಆಯಸ್ಕಾಂತ ಎಲ್ಲ ಬಂದವು. ಪ್ರತಿ ಉತ್ತರಕ್ಕೂ ‘ಶಬಾಷ್’, ಪ್ರತಿ ಶಬಾಷ್‌ಗೂ ಚಪ್ಪಾಳೆ. ನನ್ನ ನಮೂನೆಯ ಎಲ್ಲ ಕಲಂಗಳಿಗೂ ಐದಕ್ಕೆ ಐದು ಕೊಟ್ಟೆ.

ಸಹಿಗೆಂದು ಮುಖ್ಯ ಶಿಕ್ಷಕರ ಕೋಣೆಗೆ ಹೋದಾಗ ಅವರು ಪತ್ರವನ್ನು ಮೇಲೆ ಕೆಳಗೆ ಓದಿದರು. ‘ಇದು ನಮ್ಮ ಶಾಲೆಗೆ ಬಂದ ಪತ್ರ ಅಲ್ವಲ್ಲಮ್ಮಾ. ಆ ಹಟ್ಟಿ ಇಲ್ಲಿಂದ ಮುಂದಕ್ಕೆ ನಾಲ್ಕು ಕಿಲೋಮೀಟ್ರು’ ಎಂದರು. ಹಿಂದೆಯೇ ಬಂದಿದ್ದ ವಿಜ್ಞಾನದ ಮೇಷ್ಟ್ರಿಗೆ ನಾನು ಇಲಾಖೆಯವಳಲ್ಲ, ಬರೀ ಬಿ.ಇಡಿ ಹುಡುಗಿ ಎಂಬುದು ಆಗ ತಿಳಿಯಿತು. ‘ಮೊದ್ಲೇ ಹೇಳಬಾರದೇನಮ್ಮಾ! ಇಡೀ ವರ್ಷದ ಚಾರ್ಟೆಲ್ಲಾ ಒಂದೇ ದಿನಕ್ಕೆ ತೆಗೆದುಬಿಟ್ನಲ್ಲ’ ಎಂದು ತಲೆ ಮೇಲೆ ಕೈಯಿಟ್ಟುಕೊಂಡರು. ಎಲ್ಲರೂ ನಕ್ಕೆವು. ಆ ಒಳ್ಳೆಯ ಮನುಷ್ಯ ಊಟದ ಬಿಡುವಿನಲ್ಲಿ ತಮ್ಮ ಟಿವಿಎಸ್ ಎಕ್ಸೆಲ್‌ನಲ್ಲಿ ನನ್ನನ್ನು ಸರಿಯಾದ ಹಟ್ಟಿಗೆ ಬಿಟ್ಟು ಬಂದರು.

ಅವರ ಆ ಮಾತಿನಲ್ಲಿ ಒಂದು ಪಾಠವಿತ್ತು. ನೋಡುವವರು ಬಂದು ಕೂತರೆ ತರಗತಿ ಬದಲಾಗುತ್ತದೆ. ಅಂದು ನಾನು ಕಂಡದ್ದು ಅವರ ದಿನನಿತ್ಯದ ತರಗತಿಯನ್ನಲ್ಲ, ನನಗಾಗಿ ಸಿಂಗರಿಸಿಕೊಂಡ ತರಗತಿಯನ್ನು. ಆಗ ಅದನ್ನು ನಗೆಯ ಪ್ರಸಂಗವೆಂದು ಬಿಟ್ಟುಬಿಟ್ಟೆ.

ನಾನು ಹೋಗಬೇಕಿದ್ದ ಶಾಲೆಯಲ್ಲಿ ಒಂದರಿಂದ ಏಳನೇ ತರಗತಿವರೆಗೆ ಮೂವರು ಶಿಕ್ಷಕರು. ಮುಖ್ಯ ಶಿಕ್ಷಕರೂ ಆ ಮೂವರಲ್ಲೇ ಒಬ್ಬರು. ಗಣಿತ ಹೇಳುತ್ತಿದ್ದವರು ಐವತ್ತು ದಾಟಿದ ಮೇಡಂ. ‘ಹಿಂದೆ ಕೂತ್ಕೋಮ್ಮಾ’ ಎಂದಷ್ಟೇ ಹೇಳಿ ಪಾಠ ಮುಂದುವರಿಸಿದರು. ಚಾರ್ಟು ಬರಲಿಲ್ಲ, ಚಪ್ಪಾಳೆ ಬರಲಿಲ್ಲ. ನಾನು ಅಲ್ಲಿ ಇಲ್ಲವೇನೋ ಎಂಬಂತೆ ಮಕ್ಕಳನ್ನು ಗದರಿಸಿದರು, ನಗಿಸಿದರು, ಒಬ್ಬನ ಮೂಗು ಒರೆಸಿದರು.

ಹೊರಗಿನವರಿಗೆ ಮಾತ್ರ ನಾನು ಯಾರೆಂಬ ಅನುಮಾನ ಹೋಗಲಿಲ್ಲ. ಮೊದಲ ದಿನವೇ ಬಿಸಿಯೂಟದ ಅಡುಗೆ ಅಕ್ಕ ಮೊಟ್ಟೆಯ ಟ್ರೇ ತಂದು ನನ್ನೆದುರೇ ಒಂದೊಂದಾಗಿ ಎಣಿಸಿದರು. ನಾನು ತಲೆಯಾಡಿಸಿದೆ. ಏಕೆ ಆಡಿಸಿದೆನೋ ಗೊತ್ತಿಲ್ಲ. ಆರನೇ ತರಗತಿಯ ಹುಡುಗನೊಬ್ಬ ಹತ್ತಿರ ಬಂದು ಪಿಸುಗುಟ್ಟಿದ: ‘ಮಿಸ್, ನೀವು ನಮ್ ಮಿಸ್‌ಗೆ ಎಷ್ಟ್ ಮಾರ್ಕ್ಸ್ ಕೊಟ್ರಿ?’

ಈಗ ಮೂರನೆಯ ಎಡವಿಗೆ ಬರುತ್ತೇನೆ. ಅದಕ್ಕೂ ಮೊದಲು ಫ್ಲಾಂಡರ್ಸ್ ಬಗ್ಗೆ ಹೇಳಬೇಕು. ಬಿ.ಇಡಿ ಮಾಡಿದವರಿಗೆ ಈ ಹೆಸರು ಗೊತ್ತಿರುತ್ತದೆ. ನೆಡ್ ಫ್ಲಾಂಡರ್ಸ್ ಎಂಬ ಅಮೆರಿಕದ ಶಿಕ್ಷಣ ತಜ್ಞ ತರಗತಿಯಲ್ಲಿ ನಡೆಯುವ ಮಾತುಕತೆಯನ್ನು ಹತ್ತು ಬಗೆಯಾಗಿ ವಿಂಗಡಿಸಿದ. ಶಿಕ್ಷಕರ ಮಾತಿಗೆ ಏಳು ಅಂಕಿ. ಹೊಗಳಿದರೆ 2, ಪ್ರಶ್ನೆ ಕೇಳಿದರೆ 4, ವಿವರಿಸಿದರೆ 5, ಗದರಿಸಿದರೆ 7, ಹೀಗೆ. ವಿದ್ಯಾರ್ಥಿಗಳ ಮಾತಿಗೆ 8 ಮತ್ತು 9. ಕೊನೆಯ 10 ಮೌನಕ್ಕೆ ಅಥವಾ ಗೊಂದಲಕ್ಕೆ. ನೋಡುವವರು ಮೂರು ಸೆಕೆಂಡಿಗೊಂದು ಅಂಕಿ ಬರೆಯುತ್ತ ಹೋಗಬೇಕು. ಎಂದರೆ ನಿಮಿಷಕ್ಕೆ 20 ಅಂಕಿ, ನಲವತ್ತು ನಿಮಿಷದ ಪೀರಿಯಡ್ಡಿಗೆ 800. ಹತ್ತರಲ್ಲಿ ಒಂದು ತರಗತಿಯನ್ನಾದರೂ ಹೀಗೆ ದಾಖಲಿಸಿ ಎಂದು ನಮಗೆ ಹೇಳಿದ್ದರು.

ಎರಡನೇ ದಿನ ಏಳನೇ ತರಗತಿಯಲ್ಲಿ ಲಾಭ-ನಷ್ಟದ ಪಾಠ. ಒಂದು ಕಣ್ಣು ವಾಚಿನ ಮೇಲೆ, ಒಂದು ಕಣ್ಣು ಪುಸ್ತಕದ ಮೇಲೆ ಇಟ್ಟುಕೊಂಡು ನಾನು ಅಂಕಿ ಗೀಚುತ್ತಿದ್ದೆ. ಮೇಡಂ ಪುಸ್ತಕದ ಲೆಕ್ಕ ಬಿಟ್ಟು ತಮ್ಮದೇ ಒಂದು ಲೆಕ್ಕ ಕೊಟ್ಟರು: ಒಂದು ಕುರಿಮರಿ 8000 ರೂಪಾಯಿಗೆ ತಂದು 9000ಕ್ಕೆ ಮಾರಿದರೆ ಶೇಕಡಾ ಲಾಭ ಎಷ್ಟು? ಕೊಟ್ಟವರೇ ಕಿಟಕಿಯ ಹತ್ತಿರ ಹೋಗಿ ಮೊಬೈಲ್ ತೆಗೆದರು. ಏನೋ ಒತ್ತಿದರು, ಕಾದರು, ಮತ್ತೆ ಒತ್ತಿದರು. ಯಾರಿಗೋ ಫೋನು ಹಚ್ಚಿದರು, ಅವರು ಎತ್ತಲಿಲ್ಲ. ನಾನು 10 ಬರೆದೆ. ಮತ್ತೆ 10. ಮತ್ತೆ 10. ಏಳು ನಿಮಿಷ ಅವರು ಮೊಬೈಲ್ ಬಿಡಲಿಲ್ಲ. ನನ್ನ ಪುಟದಲ್ಲಿ 140 ಹತ್ತುಗಳು ಇರುವೆ ಸಾಲಿನಂತೆ ನಿಂತವು.

ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ. ಕಾಪಿ ಹೊಡೆದವರ ರೆಕಾರ್ಡಿನಲ್ಲಿ ಇಂಥದ್ದು ಸಿಗುತ್ತದೆಯೇ? ಭಾನುವಾರದ ಮೇಷ್ಟ್ರನ್ನು ಹಿಡಿದ ನಮ್ಮ ಸರ್‌ಗೆ ನಾನೂ ಒಂದನ್ನು ಹಿಡಿದು ತೋರಿಸಬಹುದು ಎನಿಸಿತು. ಷರಾ ಕಲಂನಲ್ಲಿ ಹೀಗೆ ಬರೆದೆ: ‘ಶಿಕ್ಷಕಿ ಬೋಧನಾ ಅವಧಿಯಲ್ಲಿ ಏಳು ನಿಮಿಷ ಮೊಬೈಲ್ ಬಳಸಿದರು. ಆ ಅವಧಿಯಲ್ಲಿ ಯಾವುದೇ ಕಲಿಕೆ ನಡೆಯಲಿಲ್ಲ.’

ಮೂರನೇ ದಿನ ಸಹಿಗೆಂದು ರೆಕಾರ್ಡನ್ನು ಆಫೀಸ್ ಕೋಣೆಯ ಮೇಜಿನ ಮೇಲಿಟ್ಟು ತರಗತಿಗೆ ಹೋದೆ. ವಾಪಸು ಬಂದಾಗ ಕ್ಲಸ್ಟರ್‌ನ ಸಿಆರ್‌ಪಿ ಸರ್ ಶಾಲಾ ಭೇಟಿಗೆ ಬಂದು ಕೂತಿದ್ದರು. ಮೇಜಿನ ಮೇಲಿದ್ದದ್ದನ್ನು ತೆರೆದು ಓದುತ್ತಿದ್ದರು. ಮೇಡಂ ಪಕ್ಕದಲ್ಲಿ ನಿಂತಿದ್ದರು.

‘ಏನ್ ಮೇಡಂ ಇದು? ಏಳು ನಿಮಿಷ ಮೊಬೈಲು ಅಂತ ಬರೆದಿದೆ?’

ಮೇಡಂ ನನ್ನ ಕಡೆ ನೋಡಲಿಲ್ಲ. ನಿನ್ನೆ ಮುಖ್ಯ ಶಿಕ್ಷಕರು ಮೀಟಿಂಗಿಗೆ ಹೋಗಿದ್ದರು, ಆ ದಿನದ ಪ್ರಭಾರ ತಮ್ಮದಾಗಿತ್ತು, ಎಷ್ಟು ಮಕ್ಕಳು ಊಟ ಮಾಡುತ್ತಾರೆ, ಎಷ್ಟು ಮಕ್ಕಳಿಗೆ ಮೊಟ್ಟೆ, ಎಷ್ಟು ಮಕ್ಕಳಿಗೆ ಬಾಳೆಹಣ್ಣು ಎಂಬ ಲೆಕ್ಕ ಕಳಿಸಬೇಕಿತ್ತು, ನೆಟ್‌ವರ್ಕ್ ಸಿಗುವುದು ಆ ಕಿಟಕಿಯ ಹತ್ತಿರ ಮಾತ್ರ ಎಂದು ಹೇಳಿದರು. ನಾಲ್ಕು ದಿನದಿಂದ ಶಾಲೆಗೆ ಬಾರದ ಹುಡುಗಿಯೊಬ್ಬಳ ಅಪ್ಪನಿಗೆ ಫೋನು ಮಾಡಿದ್ದಾಗಿಯೂ ಹೇಳಿದರು. ತಪ್ಪು ಮಾಡಿದ ಮಕ್ಕಳು ಕೈಕಟ್ಟಿ ನಿಂತು ಹೇಳುತ್ತಾರಲ್ಲ, ಹಾಗೆ ಹೇಳಿದರು.

‘ನಂಗೆ ಗೊತ್ತಿಲ್ವಾ ಮೇಡಂ? ಆದ್ರೂ ಬರವಣಿಗೇಲಿ ಬಂದುಬಿಟ್ಟಿದೆಯಲ್ಲ’ ಎಂದು ಸಿಆರ್‌ಪಿ ಸರ್ ಪುಸ್ತಕ ಮುಚ್ಚಿಟ್ಟರು. ಅವರೂ ಕೆಟ್ಟವರಲ್ಲ. ಕಾಗದದ ಮೇಲೆ ಬಂದದ್ದಕ್ಕೆ ಎಷ್ಟು ತೂಕ ಎಂಬುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಆಗ ನಾನು ಒಂದು ಮಾತು ಹೇಳಬಹುದಿತ್ತು. ‘ಸರ್, ನಾನು ಕಾರಣ ಕೇಳದೆ ಬರೆದೆ’ ಎನ್ನಲು ಎರಡು ಸೆಕೆಂಡು ಸಾಕಿತ್ತು. ಹೇಳಲಿಲ್ಲ. ಬಾಗಿಲ ಹತ್ತಿರ ನಿಂತು ನನ್ನ ಚಪ್ಪಲಿಯ ಕಡೆ ನೋಡುತ್ತಿದ್ದೆ. ಫ್ಲಾಂಡರ್ಸ್ ಲೆಕ್ಕದಲ್ಲಿ ಹೇಳುವುದಾದರೆ ನನ್ನದೂ ಹತ್ತೇ. ಮೌನ ಅಥವಾ ಗೊಂದಲ.

ಊಟದ ಹೊತ್ತಿಗೆ ಮೇಡಂ ತಮ್ಮ ಡಬ್ಬಿಯಿಂದ ಎರಡು ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ‘ನೀನು ಬರೆದಿರೋದು ಸುಳ್ಳಲ್ಲ ಕಣಮ್ಮಾ. ಏಳು ನಿಮಿಷ ಅನ್ನೋದು ನಿಜ’ ಎಂದರು. ‘ಆದ್ರೆ ಯಾಕೆ ಮೇಡಂ ಅಂತ ಒಂದ್ಸಲ ನನ್ನೇ ಕೇಳಬಹುದಿತ್ತು. ಪೀರಿಯಡ್ ಮುಗಿದ ಮೇಲೆ ನಾನು ಇಲ್ಲೇ ಇದ್ನಲ್ಲ.’

ಪಾತ್ರೆ ಎತ್ತಿಡುತ್ತಿದ್ದ ಅಡುಗೆ ಅಕ್ಕ ನಡುವೆ ಬಾಯಿ ಹಾಕಿದರು. ‘ನೀನು ಬರ್ಕೊಳೋದು ನೋಡಿ ನಾನೂ ಮೂರು ದಿನದಿಂದ ಮೊಟ್ಟೆ ಎರಡೆರಡು ಸಲ ಎಣಿಸ್ತಿದೀನಿ ಕಣವ್ವ. ಪೆನ್ನು ಹಿಡಿದೋರು ಕಂಡ್ರೆ ನಮಗೆ ಭಯ.’

ಕೈತೊಳೆಯುವಾಗ ಏಳನೇ ತರಗತಿಯ ಮಕ್ಕಳನ್ನು ಕೇಳಿದೆ, ನಿನ್ನೆ ಮಿಸ್ ಫೋನ್ ನೋಡುತ್ತಿದ್ದಾಗ ನೀವೇನು ಮಾಡುತ್ತಿದ್ದಿರಿ ಎಂದು. ಎಲ್ಲವೂ ಒಟ್ಟಿಗೆ ಮಾತಾಡತೊಡಗಿದವು. ಹನ್ನೆರಡೂವರೆ ಪರ್ಸೆಂಟು ಎಂದು ಇಬ್ಬರು ಆಗಲೇ ಲೆಕ್ಕ ಮುಗಿಸಿದ್ದರಂತೆ. ಮನೆಯಲ್ಲಿ ಕುರಿ ಸಾಕುವ ಹುಡುಗನೊಬ್ಬ ಒಪ್ಪಿರಲಿಲ್ಲ. ಮರಿಯನ್ನು ಆರು ತಿಂಗಳು ಮೇಯಿಸಿದ ಖರ್ಚು ಎಲ್ಲಿ ಹೋಯಿತು, ಔಷಧಿ ಖರ್ಚು ಎಲ್ಲಿ ಹೋಯಿತು, ಸಾವಿರ ರೂಪಾಯಿ ಲಾಭ ಯಾರಿಗೂ ಬರುವುದಿಲ್ಲ, ಲೆಕ್ಕವೇ ತಪ್ಪು ಎಂಬುದು ಅವನ ವಾದ. ಅವನಿಗೂ ಪಕ್ಕದವನಿಗೂ ಏಳು ನಿಮಿಷ ತಗ್ಗಿದ ದನಿಯಲ್ಲಿ ಜಗಳವಾಗಿತ್ತು. ಮೇಡಂ ಮಾರನೆಯ ದಿನ ಆ ಜಗಳದಿಂದಲೇ ಪಾಠ ಶುರುಮಾಡಿ, ಕೊಂಡ ಬೆಲೆಗೆ ಮೇಲ್ಖರ್ಚು ಸೇರಿಸಬೇಕು ಎಂಬುದನ್ನು ಹೇಳಿಕೊಟ್ಟಿದ್ದರು. ಆ ಹೊತ್ತು ನಾನು ಆಫೀಸಿನಲ್ಲಿ ರೆಕಾರ್ಡ್ ಇಟ್ಟು ಬೇರೆ ತರಗತಿಯಲ್ಲಿ ಕೂತಿದ್ದೆ.

‘ಯಾವುದೇ ಕಲಿಕೆ ನಡೆಯಲಿಲ್ಲ’ ಎಂದು ನಾನು ಬರೆದ ಏಳು ನಿಮಿಷ ಅದು. ವಾಚು ನೋಡುತ್ತ ಹತ್ತುಗಳನ್ನು ಎಣಿಸುತ್ತಿದ್ದವಳಿಗೆ ಎರಡು ಬೆಂಚು ಮುಂದಿನ ಜಗಳ ಕೇಳಿಸಿರಲಿಲ್ಲ.

ಸಂಜೆ ನಾಲ್ಕೂವರೆಗೆ ಮೇಡಂ ಆ ಹುಡುಗಿಯ ಮನೆಗೆ ಹೊರಟರು. ‘ಬಸ್ಸಿಗೆ ಇನ್ನೂ ಹೊತ್ತಿದೆ, ಬರ್ತೀಯಾ?’ ಎಂದರು. ಹೋದೆ. ತಾಯಿ ತಂದೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ಕಣ್ಣು ಸರಿಯಾಗಿ ಕಾಣದ ಅಜ್ಜಿ, ಪುಟ್ಟ ತಮ್ಮ. ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಹುಡುಗಿ ಬಾಗಿಲಿಗೆ ಬಂದಳು. ಮೇಡಂ ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ‘ಇವನ್ನೂ ಕರ್ಕೊಂಡು ಬಾ. ಅಂಗನವಾಡಿ ಟೀಚರ್ ಹತ್ರ ನಾನು ಮಾತಾಡ್ತೀನಿ, ಅಲ್ಲಿ ಕೂರಿಸೋಣ’ ಎಂದರು. ಅಜ್ಜಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಹುಡುಗಿ ಸೋಮವಾರ ಬಂದಳು, ಬುಧವಾರ ಮತ್ತೆ ಬರಲಿಲ್ಲ ಎಂದು ಆಮೇಲೆ ಮೇಡಂ ಮೆಸೇಜು ಕಳಿಸಿದ್ದರು. ಇದರಲ್ಲಿ ಸುಖಾಂತ್ಯವೇನೂ ಇಲ್ಲ. ಅವರು ಮತ್ತೆ ಫೋನು ಮಾಡುತ್ತಲೇ ಇರುತ್ತಾರೆ, ಬಹುಶಃ ಆ ಕಿಟಕಿಯ ಹತ್ತಿರವೇ ನಿಂತು.

ಅಂದು ಬಸ್ಸಿನಲ್ಲಿ ಕೂತಾಗ ನನಗೆ ಹೆಚ್ಚು ಚುಚ್ಚಿದ್ದು ಒಂದೇ ಸಂಗತಿ. ಮೊದಲ ಹಟ್ಟಿಯ ಮೇಷ್ಟ್ರು ನನಗಾಗಿ ತರಗತಿಯನ್ನು ಸಿಂಗರಿಸಿದರು, ಅವರಿಗೆ ಐದಕ್ಕೆ ಐದು ಕೊಟ್ಟೆ. ಈ ಮೇಡಂ ಯಾವ ನಾಟಕವನ್ನೂ ಆಡಲಿಲ್ಲ. ತಮ್ಮ ದಿನ ಹೇಗಿರುತ್ತದೋ ಹಾಗೇ ನನ್ನೆದುರು ತೆರೆದಿಟ್ಟರು. ಅವರ ಮೇಲೆ ದೂರು ಬರೆದೆ. ಹೀಗಾದರೆ ಮುಂದಿನ ಸಲ ಬಿ.ಇಡಿ ಹುಡುಗಿಯೊಬ್ಬಳು ಆ ಶಾಲೆಗೆ ಹೋದಾಗ ಅವರೂ ಚಾರ್ಟು ತೆಗೆಯುತ್ತಾರೆ. ಆಮೇಲೆ ನಮಗೆ ನಿಜವಾದ ತರಗತಿ ನೋಡಲು ಎಲ್ಲಿ ಸಿಗುತ್ತದೆ?

ರೆಕಾರ್ಡಿನ ಆ ಪುಟ ಹರಿಯಬಹುದಿತ್ತು. ಹರಿಯಲಿಲ್ಲ. ಏಳು ನಿಮಿಷ ಎಂಬುದನ್ನು ಹಾಗೇ ಬಿಟ್ಟು, ‘ಕಲಿಕೆ ನಡೆಯಲಿಲ್ಲ’ ಎಂಬ ಸಾಲನ್ನು ಹೊಡೆದುಹಾಕಿದೆ. ಕೆಳಗೆ ಗೆರೆ ಎಳೆದು ‘ಕೇಳಿ ತಿಳಿದದ್ದು’ ಎಂದು ಹೊಸ ಕಲಂ ಮಾಡಿ ಊಟದ ಲೆಕ್ಕ, ನೆಟ್‌ವರ್ಕ್ ಕಿಟಕಿ, ಕುರಿಯ ಜಗಳ ಎಲ್ಲ ಬರೆದೆ. ಮಾರನೆಯ ದಿನ ಮತ್ತೆ ಹೋಗಿ ಮೇಡಂಗೆ ತೋರಿಸಿ ಮುಖ್ಯ ಶಿಕ್ಷಕರ ಸಹಿ ಹಾಕಿಸಿದೆ. ಪುಟದ ಫೋಟೊ ತೆಗೆದು ಸಿಆರ್‌ಪಿ ಸರ್‌ಗೂ ಕಳಿಸಿದೆ. ಅವರಿಂದ ಎರಡು ನೀಲಿ ಟಿಕ್ ಬಂದವು, ಉತ್ತರ ಬರಲಿಲ್ಲ.

ಕಾಲೇಜಿನಲ್ಲಿ ನಮ್ಮ ಸರ್ ಓದಿದರು. ‘ನಮೂನೆಯಲ್ಲಿ ಈ ಕಲಂ ಇಲ್ಲವಲ್ಲಮ್ಮಾ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ‘ಇರಬೇಕಿತ್ತು’ ಎಂದರು. ಹತ್ತಕ್ಕೆ ಏಳು ಬಂತು. ಹೊಡೆದುಹಾಕಿದ ಸಾಲು, ಕಿಕ್ಕಿರಿದ ಅಕ್ಷರ ಇವಕ್ಕೆ ಮೂರು ಅಂಕ ಕಡಿತ. ಸೀನಿಯರ್ ರೆಕಾರ್ಡನ್ನು ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ನೀಟಾಗಿ ಇಳಿಸಿದ ಗೆಳತಿಗೆ ಒಂಬತ್ತು ಬಂತು.

ಇಲ್ಲಿಗೆ ನನ್ನ ಪ್ರಸಂಗ ಮುಗಿಯಿತು. ಇನ್ನು ನಾನು ಹೇಳಬೇಕೆಂದಿರುವ ಮಾತು.

2014ರ ಎನ್‌ಸಿಟಿಇ ನಿಯಮಾವಳಿಯಿಂದ ಬಿ.ಇಡಿ ಒಂದು ವರ್ಷದ್ದು ಎರಡು ವರ್ಷದ್ದಾಯಿತು. ಅದರಲ್ಲಿ 20 ವಾರ ಶಾಲೆಗಳಲ್ಲೇ ಕಳೆಯಬೇಕು ಎಂದಾಯಿತು. ಉದ್ದೇಶ ಸರಿಯಾಗಿಯೇ ಇದೆ. ಶಾಲೆಯನ್ನು ನೋಡದವರು ಶಿಕ್ಷಕರಾಗಬಾರದು. ಆದರೆ ನೋಡುವುದು ಹೇಗೆ ಎಂದು ನಮಗೆ ಯಾರೂ ಕಲಿಸುವುದಿಲ್ಲ. ಕೈಗೆ ನಮೂನೆ ಕೊಡುತ್ತಾರೆ. ಪೀಠಿಕೆ ಹೇಗಿತ್ತು, ಕಪ್ಪುಹಲಗೆ ಬಳಕೆ ಹೇಗಿತ್ತು, ಪುನರ್ಬಲನ ಕೊಟ್ಟರೇ, ತರಗತಿ ನಿರ್ವಹಣೆ ಹೇಗಿತ್ತು ಎಂದು ಅದು ಕೇಳುತ್ತದೆ. ಇವೆಲ್ಲ ಬೇಕಾದವೇ. ಆದರೆ ಆ ದಿನ ಎಷ್ಟು ಶಿಕ್ಷಕರಿದ್ದರು, ಯಾರು ಯಾವ ಕೆಲಸಕ್ಕೆ ಹೋಗಿದ್ದರು, ಯಾವ ಮಗು ಏಕೆ ಬಂದಿಲ್ಲ ಎಂದು ಅದು ಕೇಳುವುದಿಲ್ಲ. ಶಿಕ್ಷಕರನ್ನು ನೋಡಿ ಎನ್ನುತ್ತದೆ, ಶಿಕ್ಷಕರ ಜೊತೆ ಮಾತಾಡಿ ಎನ್ನುವುದಿಲ್ಲ.

ಹಾಗಾಗಿ ಎರಡೇ ಬಗೆಯ ರೆಕಾರ್ಡುಗಳು ಬರುತ್ತವೆ. ಹೋಗದೆ ಬರೆದ ಸುಳ್ಳು ರೆಕಾರ್ಡು ಒಂದು, ಹೋಗಿ ಅರ್ಧ ಬರೆದ ರೆಕಾರ್ಡು ಇನ್ನೊಂದು. ಎರಡನ್ನೂ ಬರೆದವಳಾಗಿ ಹೇಳುತ್ತೇನೆ, ಎರಡನೆಯದು ಹೆಚ್ಚು ಅಪಾಯದ್ದು. ನನ್ನ ಭಾನುವಾರದ ಮೇಷ್ಟ್ರಿಂದ ಯಾರಿಗೂ ತೊಂದರೆಯಾಗಲಿಲ್ಲ, ಅವರು ಇರಲೇ ಇಲ್ಲ. ನಾನು ಪ್ರಾಮಾಣಿಕವಾಗಿ ಎಣಿಸಿದ ಏಳು ನಿಮಿಷ ಮೂವತ್ತು ವರ್ಷದ ಹತ್ತಿರ ಸೇವೆ ಮಾಡಿದ ಒಬ್ಬರನ್ನು ಕೈಕಟ್ಟಿ ನಿಲ್ಲಿಸಿತು.

‘ಹಾಗಾದರೆ ಶಿಕ್ಷಕರ ತಪ್ಪು ಬರೆಯಲೇಬಾರದೇ? ಪಾಠ ಬಿಟ್ಟು ಮೊಬೈಲಿನಲ್ಲಿ ಕೂರುವವರು ಇಲ್ಲವೇ?’ ಎಂದು ನೀವು ಕೇಳಬಹುದು. ಇದ್ದಾರೆ. ಅಂಥವರ ತರಗತಿಯಲ್ಲಿ ಓದಿ ಬಂದವರು ನಮ್ಮಲ್ಲೂ ಇದ್ದೇವೆ. ಕಾರಣ ಕೇಳುವುದೆಂದರೆ ತಪ್ಪನ್ನು ಮನ್ನಿಸುವುದಲ್ಲ. ಕೇಳಿದ ಮೇಲೂ ತಪ್ಪು ತಪ್ಪಾಗಿಯೇ ಉಳಿಯಬಹುದು. ಆಗ ಧೈರ್ಯವಾಗಿ ಬರೆಯೋಣ. ಕೇಳಿದ ಮೇಲೆ ಕೆಲವೊಮ್ಮೆ ತಪ್ಪು ಬೇರೆಯವರದ್ದಾಗಿ ಕಾಣಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್, ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೆ. ಊಟದ ಲೆಕ್ಕ, ಹಾಜರಿ ಲೆಕ್ಕ, ಆನ್‌ಲೈನ್ ಮಾಹಿತಿ ಇವೆಲ್ಲ ಶಾಲೆಯದೇ ಕೆಲಸ ಎಂದು ಹೇಳಿಬಿಡಬಹುದು. ಆದರೆ ಗುಮಾಸ್ತರಿಲ್ಲದ ಮೂವರು ಶಿಕ್ಷಕರ ಶಾಲೆಯಲ್ಲಿ ಅದಕ್ಕೆ ಬೇಕಾದ ನಿಮಿಷಗಳು ಪಾಠದ ಪೀರಿಯಡ್ಡಿನಿಂದಲೇ ಬರುತ್ತವೆ. ಕಾಯ್ದೆ ಓದಿದ್ದ ನನಗೆ ಇದು ತಿಳಿದದ್ದು ಕಿಟಕಿಯ ಹತ್ತಿರ.

ನನ್ನ ಸಲಹೆಗಳು ದೊಡ್ಡವೇನಲ್ಲ. ಹತ್ತು ಶಿಕ್ಷಕರ ಹತ್ತು ತರಗತಿ ಬೇಡ, ಒಬ್ಬರದ್ದೇ ಪಾಠವನ್ನು ವಾರವಿಡೀ ನೋಡಲು ಬಿಡಿ. ಆಗ ಸಿಂಗಾರ ಎರಡು ದಿನಕ್ಕೆ ಕಳಚಿಕೊಳ್ಳುತ್ತದೆ, ನಿಜವಾದ ತರಗತಿ ಕಾಣುತ್ತದೆ. ನಮೂನೆಯಲ್ಲಿ ‘ಕೇಳಿ ತಿಳಿದದ್ದು’ ಎಂಬ ಒಂದು ಕಲಂ ಸೇರಿಸಿ. ಬರೆದದ್ದನ್ನು ಮೊದಲು ಆ ಶಿಕ್ಷಕರಿಗೇ ತೋರಿಸಿ, ಆಮೇಲೆ ಸಹಿಯ ಮೇಜಿಗೆ ಇಡುವ ಕ್ರಮ ಮಾಡಿ. ಅಂಕ ಕೊಡುವವರು ನೀಟಾದ ಅಕ್ಷರಕ್ಕಿಂತ ಹೊಡೆದು ತಿದ್ದಿದ ಸಾಲಿಗೆ ಬೆಲೆ ಕೊಡಿ. ತಿದ್ದಿದ ಗುರುತಿದ್ದರೆ ಅವರು ಹೋಗಿ ಬಂದಿದ್ದಾರೆ ಎಂದು ಅರ್ಥ.

ಗೆಳೆಯರೇ, ಇದು ಬಿ.ಇಡಿಯವರಿಗೆ ಮಾತ್ರವಲ್ಲ. ಸಮಾಜಕಾರ್ಯ ಓದುವವರು ಕೇರಿಗಳಿಗೆ ಹೋಗುತ್ತೀರಿ, ಪತ್ರಿಕೋದ್ಯಮದವರು ಸಂತೆಗೆ, ಆಸ್ಪತ್ರೆಗೆ ಹೋಗುತ್ತೀರಿ, ನರ್ಸಿಂಗ್‌ನವರು ವಾರ್ಡಿನಲ್ಲಿ ಕೂತು ಕೇಸ್ ಬರೆಯುತ್ತೀರಿ. ನಾಳೆ ನಮ್ಮಲ್ಲೇ ಕೆಲವರು ಪರಿಶೀಲನೆಗೆ ಹೋಗುವ ಅಧಿಕಾರಿಗಳೂ ಆಗುತ್ತೇವೆ. ಟಿಇಟಿಯ 150 ಪ್ರಶ್ನೆಗಳಲ್ಲಿ ಫ್ಲಾಂಡರ್ಸ್ ಬಗ್ಗೆ ಒಂದು ಬಂದರೂ ಬರಬಹುದು, ಎದುರಿಗಿರುವವರನ್ನು ‘ಯಾಕೆ ಹೀಗಾಯಿತು?’ ಎಂದು ಕೇಳಲು ಬರುತ್ತದೆಯೇ ಎಂಬ ಪ್ರಶ್ನೆ ಬರುವುದಿಲ್ಲ. ಅದನ್ನು ನಾವೇ ಕಲಿತುಕೊಳ್ಳಬೇಕು. ಬೇಕಾಗುವುದು ಹೆಚ್ಚೆಂದರೆ ಏಳು ನಿಮಿಷ.

ಮೊನ್ನೆ ಹಾಸ್ಟೆಲ್‌ಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಬಾಗಿಲು ತಟ್ಟಿದಳು. ‘ಅಕ್ಕಾ, ನಿಮ್ಮ ಅಬ್ಸರ್ವೇಶನ್ ರೆಕಾರ್ಡ್ ಕೊಡ್ತೀರಾ? ಎರಡು ದಿನದಲ್ಲಿ ವಾಪಸ್ ಕೊಡ್ತೀನಿ.’ ರೆಕಾರ್ಡ್ ಕೊಡಲಿಲ್ಲ. ಒಂದು ಚೀಟಿ ಕೊಟ್ಟೆ. ಶಿರಾದಿಂದ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ, ಶಾಲೆಯಲ್ಲಿ ಯಾರನ್ನು ಕಾಣಬೇಕು ಎಂದು ಬರೆದು, ಕೆಳಗೆ ಅಡಿಗೆರೆ ಹಾಕಿದೆ: ‘ಕಂಡಕ್ಟರ್ ಹಟ್ಟಿ ಎಂದು ಕೂಗಿದ ತಕ್ಷಣ ಇಳಿಯಬೇಡ. ಯಾವ ಹಟ್ಟಿ ಎಂದು ಕೇಳು.’